ಕಿರಿದಾದ ಅಂಗಳದಲ್ಲಿ ಚೆಲುವಾದ ಕೈತೋಟವನ್ನು ರೂಪಿಸುವ ಬಗೆ

ಸಣ್ಣ ಜಾಗದಲ್ಲಿ ತೋಟ ಮಾಡಹೊರಟವರು ಸಾಮಾನ್ಯವಾಗಿ ಸಣ್ಣ ಕುಂಡ, ಸಣ್ಣ ಗಿಡ, ಸಣ್ಣ ಕುರ್ಚಿಗಳನ್ನೇ ಹುಡುಕಿ ತರುತ್ತಾರೆ. ಜಾಗ ಚಿಕ್ಕದಾದ ಮೇಲೆ ಅದರೊಳಗೆ ಇಡುವುದೂ ಚಿಕ್ಕದಾಗಿರಬೇಕೆಂಬ ಈ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಹತ್ತಾರು ಪುಟ್ಟ ವಸ್ತುಗಳು ಒಂದೆಡೆ ಸೇರಿದಾಗ ಕಣ್ಣಿಗೆ ನಿಲ್ಲಲು ನೆಲೆ ಸಿಗದೆ, ಇದ್ದ ಜಾಗವೂ ಸಾಮಾನು ತುಂಬಿದ ಕೋಣೆಯಂತೆ ಕಾಣತೊಡಗುತ್ತದೆ. ನನ್ನ ಮನೆಯ ಹಿಂದಿನ ಅಂಗಳ 9 ಅಡಿ ಅಗಲ, 12 ಅಡಿ ಉದ್ದವಿದೆ. ಒಂದು ಕಾಲಕ್ಕೆ ಅಲ್ಲಿ ನಲವತ್ತಕ್ಕೂ ಹೆಚ್ಚು ಕುಂಡಗಳಿದ್ದವು. ಪ್ರತಿಯೊಂದು ಗಿಡವನ್ನೂ ಆಸೆಪಟ್ಟೇ ತಂದಿದ್ದೆ, ಆದರೂ ಬಾಗಿಲು ತೆರೆದಾಗ ಅದು ತೋಟವೆನಿಸದೆ ಸಸಿಗಳ ದಾಸ್ತಾನಿನಂತೆ ಕಾಣುತ್ತಿತ್ತು. ಅವುಗಳಲ್ಲಿ ಹೆಚ್ಚಿನವನ್ನು ಬೇಕೆಂದವರಿಗೆ ಹಂಚಿ, ಏಳು ದೊಡ್ಡ ಕುಂಡ, ಗೋಡೆಗುಂಟ ಒಂದು ಉದ್ದನೆಯ ಪಾತಿ ಮತ್ತು ಒಂದು ಬೆಂಚನ್ನಷ್ಟೇ ಉಳಿಸಿಕೊಂಡ ಮೇಲೆ, ಅದೇ 108 ಚದರ ಅಡಿ ಜಾಗ ಹಿಗ್ಗಿದಂತೆ ಕಂಡಿತು. ಕಿರಿದಾದ ಜಾಗಕ್ಕೆ ಬೇಕಾದುದು ದೊಡ್ಡ ಗಾತ್ರದ ಕೆಲವೇ ವಸ್ತುಗಳು ಎಂಬುದನ್ನು ನಾನು ಅಂದು ಮನಗಂಡೆ. ಮುಂದೆ ಹೇಳುವ ಕ್ರಮವೆಲ್ಲ ಅದನ್ನೇ ಆಧರಿಸಿದೆ.

ಅಳತೆ, ಬಿಸಿಲು, ಕಿಟಕಿ

ಗಿಡಗಳನ್ನು ಕುರಿತು ಯೋಚಿಸುವ ಮೊದಲು, ಆ ಜಾಗ ನಿಮಗೆ ಏತಕ್ಕೆ ಬೇಕು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಬೆಳಗಿನ ಹೊತ್ತು ಕುಳಿತು ಓದಲೋ, ನಾಲ್ಕು ಜನ ಸೇರಿ ಊಟ ಮಾಡಲೋ, ಮಕ್ಕಳು ಆಡಲೋ, ಸೊಪ್ಪು ತರಕಾರಿ ಬೆಳೆಯಲೋ ಅಥವಾ ಒಳಗಿನಿಂದ ನೋಡಿ ಸಂತೋಷಪಡಲೋ? ದೊಡ್ಡ ತೋಟದಲ್ಲಿ ಇವೆಲ್ಲಕ್ಕೂ ಒಂದೊಂದು ಮೂಲೆಯನ್ನು ಕೊಡಬಹುದು. ಸಣ್ಣ ಜಾಗದಲ್ಲಿ ಒಂದನ್ನು ಮುಖ್ಯವೆಂದು ಆರಿಸಿ ಅದಕ್ಕೆ ಧಾರಾಳವಾಗಿ ಸ್ಥಳ ಬಿಟ್ಟು, ಇನ್ನೊಂದು ಅದರ ಜೊತೆಗೆ ಹೊಂದಿಕೊಳ್ಳುವುದಾದರೆ ಮಾತ್ರ ಸೇರಿಸಿಕೊಳ್ಳುವುದು ಲೇಸು. ಇದರೊಂದಿಗೆ, ಬಟ್ಟೆ ಒಣಗಿಸುವ ತಂತಿ, ಕಸದ ಡಬ್ಬಿ, ಏರ್ ಕಂಡಿಷನರಿನ ಹೊರಗಿನ ಪೆಟ್ಟಿಗೆ, ನೀರಿನ ನಲ್ಲಿ, ಪೊರಕೆ ಮುಂತಾದ ಯಾರೂ ನಕ್ಷೆಯಲ್ಲಿ ಬರೆಯದ ಸಾಮಾನುಗಳಿಗೆ ಮೊದಲೇ ಸ್ಥಳ ಗೊತ್ತುಮಾಡಬೇಕು. ಅವುಗಳನ್ನು ಮರೆತು ಮಾಡಿದ ವಿನ್ಯಾಸ ಎಷ್ಟೇ ಸುಂದರವಾಗಿದ್ದರೂ ತಿಂಗಳೊಳಗೆ ಅವೇ ಬಂದು ಅದರ ನಡುವೆ ಕುಳಿತುಕೊಳ್ಳುತ್ತವೆ.

ಆಮೇಲೆ ಟೇಪು ಹಿಡಿದು ಜಾಗವನ್ನು ಅಳೆಯಿರಿ. ಒಂದು ಅಡಿಗೆ ಎರಡು ಸೆಂಟಿಮೀಟರಿನಂತೆ ಗ್ರಾಫ್ ಹಾಳೆಯ ಮೇಲೆ ಬರೆದರೆ ನನ್ನ ಅಂಗಳದಷ್ಟು ಜಾಗ ಒಂದು ಎ4 ಹಾಳೆಯಲ್ಲಿ ಹಿಡಿಸುತ್ತದೆ. ಗೋಡೆಗಳ ಎತ್ತರ, ಬಾಗಿಲು ತೆರೆದುಕೊಳ್ಳುವ ದಿಕ್ಕು, ಕಿಟಕಿಗಳು, ಮಳೆನೀರಿನ ಕೊಳವೆ, ಚರಂಡಿಯ ಮುಚ್ಚಳ, ನೆಲದ ಇಳಿಜಾರು ಎಲ್ಲವೂ ಅದರಲ್ಲಿರಬೇಕು. ಕುರ್ಚಿ, ಬೆಂಚು, ಕುಂಡಗಳನ್ನು ಅದೇ ಅಳತೆಯಲ್ಲಿ ರಟ್ಟಿನಿಂದ ಕತ್ತರಿಸಿ ಹಾಳೆಯ ಮೇಲೆ ಸರಿಸಾಡಿ ನೋಡುವುದು ಮಕ್ಕಳಾಟದಂತೆ ಕಂಡರೂ ಬಹಳ ತಪ್ಪುಗಳನ್ನು ಅಲ್ಲಿಯೇ ತಡೆಯುತ್ತದೆ. ಒಬ್ಬರು ನಡೆಯಲು 2 ಅಡಿ ದಾರಿ ಸಾಕು, ಕೈಯಲ್ಲಿ ನೀರಿನ ಕೊಡ ಹಿಡಿದು ನಿರಾಳವಾಗಿ ಓಡಾಡಲು 3 ಅಡಿ ಬೇಕು. ಊಟದ ಮೇಜಿನಿಂದ ಕುರ್ಚಿಯನ್ನು ಹಿಂದಕ್ಕೆ ಎಳೆದು ಏಳಲು ಮೇಜಿನ ಅಂಚಿನಿಂದ ಸುಮಾರು 3 ಅಡಿ ಖಾಲಿ ಜಾಗ ಬೇಕಾಗುತ್ತದೆ. ಗೋಡೆಗೆ ಸೇರಿಸಿ ಕಟ್ಟಿದ ಕಟ್ಟೆಗೆ ಈ ತೊಂದರೆಯಿಲ್ಲ. ಒಂದೂವರೆ ಅಡಿ ಎತ್ತರ, ಸುಮಾರು 16 ಇಂಚು ಅಗಲದ ಕಟ್ಟೆಯೊಂದಿದ್ದರೆ ನಾಲ್ಕು ಕುರ್ಚಿಗಳ ಜಾಗ ಉಳಿಯುತ್ತದೆ. ಚಿಕ್ಕ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಆಸನ ನನಗೆ ತಿಳಿದಿಲ್ಲ.

ಬಿಸಿಲಿನ ಲೆಕ್ಕವನ್ನು ಊಹೆಯ ಮೇಲೆ ಬಿಡಬಾರದು. ಬಿಡುವಿರುವ ಒಂದು ದಿನ ಬೆಳಿಗ್ಗೆ ಎಂಟಕ್ಕೆ, ನಡುಹಗಲಿಗೆ, ಸಂಜೆ ನಾಲ್ಕಕ್ಕೆ ಅಂಗಳಕ್ಕೆ ಹೋಗಿ ನೆರಳಿನ ಅಂಚಿನ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಪಕ್ಕದಲ್ಲಿ ಸಮಯ ಬರೆಯಿರಿ. ನಾನು ಹೀಗೆ ಮಾಡಿದಾಗ, ವರ್ಷಗಟ್ಟಲೆ ಬಿಸಿಲಿನ ಮೂಲೆಯೆಂದು ನಂಬಿ ಗುಲಾಬಿಯನ್ನು ಇಟ್ಟಿದ್ದ ಸ್ಥಳದಲ್ಲಿ ಎರಡೂವರೆ ತಾಸು ಮಾತ್ರ ನೇರ ಬಿಸಿಲು ಬೀಳುತ್ತಿದ್ದುದು ತಿಳಿಯಿತು. ಕಡ್ಡಿಗಳು ಸೊರಗಿ ಉದ್ದವಾಗಿ ಬೆಳೆದು ಮೊಗ್ಗೇ ಕಚ್ಚದಿದ್ದ ಕಾರಣವೂ ತಿಳಿಯಿತು. ದಿನಕ್ಕೆ ಆರು ತಾಸು ಅಥವಾ ಹೆಚ್ಚು ನೇರ ಬಿಸಿಲಿದ್ದರೆ ಅದು ಪೂರ್ಣ ಬಿಸಿಲಿನ ಜಾಗ, ಮೂರರಿಂದ ಆರು ತಾಸಾದರೆ ಅರೆನೆರಳು, ಅದಕ್ಕಿಂತ ಕಡಿಮೆಯಾದರೆ ನೆರಳು. ಸೂರ್ಯನ ದಾರಿ ಋತುವಿನೊಂದಿಗೆ ಬದಲಾಗುವುದರಿಂದ ಜೂನ್ ತಿಂಗಳಲ್ಲಿ ಎಳೆದ ಗೆರೆ ಡಿಸೆಂಬರಿನಲ್ಲಿ ಹೊಂದುವುದಿಲ್ಲ. ಸಾಧ್ಯವಾದರೆ ಎರಡೂ ಕಾಲದಲ್ಲಿ ನೋಡಬೇಕು, ಆಗದಿದ್ದರೆ ಮೊದಲ ವರ್ಷ ಗಿಡಗಳನ್ನು ಸ್ಥಳಾಂತರಿಸಬಹುದಾದ ಕುಂಡಗಳಲ್ಲಿಯೇ ಇಟ್ಟುಕೊಳ್ಳಬೇಕು.

ಇನ್ನೊಂದು ವಿಷಯವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಸಣ್ಣ ತೋಟವನ್ನು ನಾವು ಅದರೊಳಗೆ ನಿಂತು ನೋಡುವುದಕ್ಕಿಂತ ಮನೆಯೊಳಗಿನಿಂದ ನೋಡುವುದೇ ಹೆಚ್ಚು. ಆದ್ದರಿಂದ ದಿನದಲ್ಲಿ ಹೆಚ್ಚು ಹೊತ್ತು ನಿಲ್ಲುವ ಕಿಟಕಿ ಯಾವುದು, ಕೂರುವ ಕುರ್ಚಿ ಯಾವುದು ಎಂದು ಗುರುತಿಸಿ, ಅಲ್ಲಿಂದ ಹೊರಟ ದೃಷ್ಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆಯೋ ಅಲ್ಲಿಯೇ ತೋಟದ ಮುಖ್ಯ ಆಕರ್ಷಣೆಯನ್ನು ಇಡಬೇಕು. ಅದು ಒಂದು ಚೆಂದದ ಮರವಾಗಿರಬಹುದು, ನೀರಿನ ಬಟ್ಟಲಾಗಿರಬಹುದು, ಖಾಲಿಯಾಗಿಯೇ ನಿಲ್ಲಿಸಿದ ದೊಡ್ಡ ಮಣ್ಣಿನ ಹಂಡೆಯೂ ಆಗಿರಬಹುದು. ಒಂದು ನೋಟಕ್ಕೆ ಒಂದೇ ಆಕರ್ಷಣೆ ಇರಲಿ. ಎರಡಿದ್ದರೆ ಅವು ಪರಸ್ಪರ ಜಗಳವಾಡುತ್ತವೆ.

ಜಾಗವನ್ನು ಹಿಗ್ಗಿಸುವ ರೇಖೆಗಳು

ಚೌಕಾಕಾರದ ಅಥವಾ ಆಯತಾಕಾರದ ಜಾಗದಲ್ಲಿ ಅತಿ ಉದ್ದನೆಯ ಗೆರೆಯೆಂದರೆ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ. 9 ಅಡಿ ಅಗಲ, 12 ಅಡಿ ಉದ್ದದ ಅಂಗಳದ ಕರ್ಣ 15 ಅಡಿ ಇರುತ್ತದೆ. ಬಾಗಿಲಿನಿಂದ ನೇರವಾಗಿ ಎದುರು ಗೋಡೆಗೆ ದಾರಿ ಹಾಕಿದರೆ ಕಣ್ಣು 12 ಅಡಿಯಲ್ಲಿ ಗೋಡೆಗೆ ಬಡಿದು ನಿಲ್ಲುತ್ತದೆ. ಅದೇ ದಾರಿಯನ್ನು ಓರೆಯಾಗಿ ಮೂಲೆಯ ಕಡೆಗೆ ಒಯ್ದರೆ ಮೂರು ಅಡಿ ಹೆಚ್ಚಿನ ನೋಟ ಪುಕ್ಕಟೆಯಾಗಿ ದೊರೆಯುತ್ತದೆ. ನೆಲಹಾಸಿನ ಕಲ್ಲುಗಳನ್ನು ಗೋಡೆಗೆ ಸಮಾನಾಂತರವಾಗಿ ಜೋಡಿಸುವ ಬದಲು 45 ಡಿಗ್ರಿ ಓರೆಯಾಗಿ ಜೋಡಿಸಿದರೂ ಸಾಕು, ಅಕ್ಕಪಕ್ಕದ ಗೋಡೆಗಳು ಹತ್ತಿರದಲ್ಲಿವೆ ಎಂಬ ಭಾವನೆ ಕಡಿಮೆಯಾಗುತ್ತದೆ. ಹೀಗೆ ಓರೆಯಾಗಿ ಜೋಡಿಸುವಾಗ ಅಂಚಿನ ಕಲ್ಲುಗಳನ್ನೆಲ್ಲ ಕತ್ತರಿಸಬೇಕಾಗುವುದರಿಂದ ಕೆಲಸವೂ ವ್ಯರ್ಥವಾಗುವ ಕಲ್ಲೂ ಹೆಚ್ಚು ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಓರೆಯಿಂದ ಉಳಿಯುವ ತ್ರಿಕೋನದ ಮೂಲೆಗಳು ಗಿಡಗಳಿಗೆ ಆಳವಾದ ಪಾತಿಗಳಾಗುತ್ತವೆ. ಗೋಡೆಯ ಸುತ್ತ ಒಂದೇ ಅಡಿ ಅಗಲದ ಪಟ್ಟಿಯಲ್ಲಿ ಸಾಲಾಗಿ ನೆಟ್ಟ ಗಿಡಗಳಿಗೆ ಎಂದೂ ಬಾರದ ಗಾಂಭೀರ್ಯ ಈ ಆಳದಲ್ಲಿ ನೆಟ್ಟವುಗಳಿಗೆ ಬರುತ್ತದೆ.

ಎರಡನೆಯ ಉಪಾಯ, ಎಲ್ಲವನ್ನೂ ಒಂದೇ ನೋಟಕ್ಕೆ ಬಿಟ್ಟುಕೊಡದಿರುವುದು. ಬಾಗಿಲಲ್ಲಿ ನಿಂತಾಗಲೇ ತೋಟದ ನಾಲ್ಕೂ ಮೂಲೆಗಳು ಕಂಡರೆ ಒಳಗೆ ಹೆಜ್ಜೆ ಇಡಲು ಕಾರಣವೇ ಉಳಿಯುವುದಿಲ್ಲ. ದಾರಿಯ ಮಧ್ಯದಲ್ಲಿ ಒಂದು ಬದಿಯಿಂದ ಚಾಚಿಕೊಂಡ ಎತ್ತರದ ಹುಲ್ಲಿನ ಗುಂಪು, ಬಳ್ಳಿ ಹಬ್ಬಿದ ಕಿರಿದಾದ ಹಂದರ ಅಥವಾ ಒಂದು ಬಾಗಿದ ಕೊಂಬೆ ಹಿಂದಿನ ಭಾಗವನ್ನು ಅರ್ಧದಷ್ಟು ಮರೆಮಾಡಿದರೆ, ಅದರಾಚೆ ಇನ್ನೂ ಏನೋ ಇದೆಯೆಂದು ಮನಸ್ಸು ತಾನೇ ಊಹಿಸಿಕೊಳ್ಳುತ್ತದೆ. ಮರೆ ಪೂರ್ತಿಯಾಗಿರಬಾರದು, ಸಂದಿಯಿಂದ ಬೆಳಕೋ ಹೂವಿನ ಬಣ್ಣವೋ ಕಾಣುತ್ತಿರಬೇಕು.

ದೂರದ ಭ್ರಮೆಯನ್ನು ಎಲೆ ಮತ್ತು ಬಣ್ಣಗಳಿಂದಲೂ ತರಬಹುದು. ದೂರದ ಬೆಟ್ಟಗಳು ನೀಲಿಯಾಗಿ, ಮಸುಕಾಗಿ ಕಾಣುವುದನ್ನು ನಾವೆಲ್ಲರೂ ನೋಡಿದ್ದೇವೆ; ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಕಣ್ಣಿಗೆ ಈ ಪಾಠ ಎಷ್ಟು ರೂಢಿಯಾಗಿದೆಯೆಂದರೆ, ನೀಲಿ, ನೇರಳೆ, ಬೂದು ಹಸಿರು ಬಣ್ಣಗಳನ್ನು ಅಂಗಳದ ಕೊನೆಯಲ್ಲಿಟ್ಟರೆ ಅದು ಅವುಗಳನ್ನು ದೂರದವೆಂದೇ ಭಾವಿಸುತ್ತದೆ. ಕೆಂಪು, ಕಿತ್ತಳೆ, ಹಳದಿಗಳು ಮುಂದೆ ಬಂದು ನಿಲ್ಲುವ ಬಣ್ಣಗಳಾದ್ದರಿಂದ ಅವು ಬಾಗಿಲ ಬಳಿಯಲ್ಲಿರಲಿ. ಅದೇ ರೀತಿ ಬಾಳೆ, ಕ್ಯಾನಾ, ಕೆಸುವಿನ ಜಾತಿಯಂತಹ ಅಗಲ ಎಲೆಯ ಗಿಡಗಳನ್ನು ಹತ್ತಿರದಲ್ಲಿ, ಸಣ್ಣ ಎಲೆಯ ನವಿರಾದ ಗಿಡಗಳನ್ನು ದೂರದಲ್ಲಿ ನೆಟ್ಟರೆ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚೆನಿಸುತ್ತದೆ. ಗೋಡೆಗೆ ಕನ್ನಡಿ ಹಾಕಿ ಜಾಗವನ್ನು ಇಮ್ಮಡಿಗೊಳಿಸುವ ಸಲಹೆಯನ್ನೂ ಹಲವರು ಕೊಡುತ್ತಾರೆ. ಅದರಲ್ಲಿ ಕಂಡ ಆಕಾಶವನ್ನು ನಿಜವೆಂದು ನಂಬಿ ಹಕ್ಕಿಗಳು ಡಿಕ್ಕಿ ಹೊಡೆಯುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಸಣ್ಣ ತೋಟದ ಕಲೆಯನ್ನು ಬಹಳ ಕಾಲದಿಂದ ಪಳಗಿಸಿಕೊಂಡವರು ಜಪಾನಿನವರು. ಅಲ್ಲಿನ ಕ್ಯೋಟೋ ನಗರದ ಹಳೆಯ ವರ್ತಕರ ಮನೆಗಳು ಬೀದಿಗೆ ಕಿರಿದಾಗಿ, ಹಿಂದಕ್ಕೆ ಬಹಳ ಉದ್ದವಾಗಿ ಇರುತ್ತಿದ್ದವು. ಒಳಗೆ ಗಾಳಿ ಬೆಳಕು ಬರಲೆಂದು ನಡುವೆ ಬಿಟ್ಟ ಚಿಕ್ಕ ತೆರಪುಗಳಲ್ಲಿ ಅವರು ಮಾಡಿದ ತೋಟಗಳಿಗೆ ತ್ಸುಬೊನಿವಾ ಎಂದು ಹೆಸರು. ತ್ಸುಬೊ ಎಂಬ ಅಳತೆ ಸುಮಾರು 3.3 ಚದರ ಮೀಟರ್, ಅಂದರೆ 36 ಚದರ ಅಡಿಯ ಆಸುಪಾಸು. ಅಷ್ಟರಲ್ಲಿ ಅವರು ಇಡುತ್ತಿದ್ದುದು ಒಂದು ಕಲ್ಲಿನ ದೀಪಸ್ತಂಭ, ಒಂದು ನೀರಿನ ಬಾನಿ, ನಾಲ್ಕಾರು ಜರಿಗಿಡ, ಹಾವಸೆ, ಎಲ್ಲೋ ಒಂದು ಬಿದಿರಿನ ಹಿಂಡಿಲು ಮಾತ್ರ. ಉಳಿದ ನೆಲವನ್ನು ಹರಳುಕಲ್ಲು ಹರಡಿ ಬಿಡುತ್ತಿದ್ದರು. ಆ ಬಿಟ್ಟ ಜಾಗವನ್ನು ಗಮನಿಸಿ. ನೆಟ್ಟ ಗಿಡದಷ್ಟೇ ಅದೂ ವಿನ್ಯಾಸದ ಭಾಗ. ತೋಟದ ಹೊರಗಿನ ಮರವನ್ನೋ ಬೆಟ್ಟವನ್ನೋ ನೋಟದೊಳಗೆ ಸೇರಿಸಿಕೊಳ್ಳುವ ಪದ್ಧತಿಯೂ ಚೀನಾ, ಜಪಾನ್‌ಗಳಲ್ಲಿ ಹಳೆಯದು. ನೆರೆಯವರ ಹಿತ್ತಲಿನಲ್ಲಿ ಒಂದು ಒಳ್ಳೆಯ ಮರವಿದ್ದರೆ ನಿಮ್ಮ ಗೋಡೆಯ ಮೇಲಿನ ಬಳ್ಳಿಯನ್ನು ಆ ಭಾಗದಲ್ಲಿ ತಗ್ಗಿಸಿ ಸವರಿ, ಆ ಮರ ನಿಮ್ಮ ತೋಟದಲ್ಲಿಯೇ ಇದೆಯೆಂಬಂತೆ ಕಾಣುವ ಹಾಗೆ ಮಾಡಿಕೊಳ್ಳಿ.

ಗೋಡೆ ಮತ್ತು ನೆಲ

ಸಣ್ಣ ಜಾಗದಲ್ಲಿ ನೆಲಕ್ಕಿಂತ ಗೋಡೆಯ ವಿಸ್ತೀರ್ಣವೇ ಹೆಚ್ಚು. 6 ಅಡಿ ಎತ್ತರದ ಗೋಡೆ ಮೂರು ಬದಿಗೆ ಇದ್ದರೆ ನನ್ನ ಅಂಗಳದ ಲೆಕ್ಕದಲ್ಲಿ ಅದು 200 ಚದರ ಅಡಿಗೆ ಹತ್ತಿರವಾಗುತ್ತದೆ, ನೆಲದ ಹೆಚ್ಚುಕಡಿಮೆ ಎರಡರಷ್ಟು. ಬಿಳಿ ಬಣ್ಣ ನೆರಳಿನ ಅಂಗಳಕ್ಕೆ ಬೆಳಕು ತರುತ್ತದೆ, ನಿಜ. ಆದರೆ ಗೋಡೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಅದು ಎತ್ತಿ ತೋರಿಸುತ್ತದೆ. ಸಾಕಷ್ಟು ಬಿಸಿಲಿರುವ ಜಾಗದಲ್ಲಿ ಗೋಡೆಗೆ ಗಾಢ ಹಸಿರು ಅಥವಾ ಇದ್ದಿಲಿನ ಬೂದು ಬಣ್ಣ ಬಳಿದು ಅದರ ಮುಂದೆ ಗಿಡ ಬೆಳೆಸಿದರೆ ಎಲೆಗಳ ನೆರಳು ಗೋಡೆಯ ಬಣ್ಣದೊಂದಿಗೆ ಬೆರೆತು ಗಡಿಯೇ ಮಾಯವಾದಂತೆ ತೋರುತ್ತದೆ. ನೆರಳಿನ ಅಂಗಳವಾದರೆ ತಿಳಿಗೆನೆ ಬಣ್ಣ ಒಳ್ಳೆಯದು.

ಬಳ್ಳಿಯನ್ನು ಗೋಡೆಗೇ ಅಂಟಿಸಿ ಬೆಳೆಸುವುದಕ್ಕಿಂತ, ಗೋಡೆಯಿಂದ ಎರಡು ಇಂಚು ಮುಂದಕ್ಕೆ ನಿಲ್ಲುವಂತೆ ತಂತಿಯನ್ನೋ ಮರದ ಜಾಲರಿಯನ್ನೋ ಕಟ್ಟಿ ಅದರ ಮೇಲೆ ಹಬ್ಬಿಸುವುದು ಕ್ಷೇಮ. ಹಿಂದೆ ಗಾಳಿಯಾಡಿ ಗೋಡೆ ಒಣಗಿರುತ್ತದೆ. ಗೋಡೆಯ ಬುಡದ ಮಣ್ಣಿಗೆ ಮಳೆ ಸರಿಯಾಗಿ ತಗಲುವುದಿಲ್ಲವಾದ್ದರಿಂದ ಸಸಿಯನ್ನು ಗೋಡೆಯಿಂದ ಒಂದು, ಒಂದೂವರೆ ಅಡಿ ದೂರದಲ್ಲಿ ನೆಟ್ಟು, ಕಡ್ಡಿಯ ಆಸರೆಯಿಂದ ಜಾಲರಿಯ ಕಡೆಗೆ ಓರೆಯಾಗಿ ನಡೆಸಬೇಕು. ಮಲ್ಲಿಗೆ, ಶಂಖಪುಷ್ಪ, ಕ್ಲೆಮಾಟಿಸ್ ಮುಂತಾದವು ಇಂತಹ ಆಸರೆಗೆ ಒಗ್ಗುತ್ತವೆ. ಅತ್ತಿ, ಆಲ, ಅರಳಿಯ ಜಾತಿಯ ಯಾವ ಸಸಿಯೂ ಗೋಡೆಯ ಬಿರುಕಿನಲ್ಲಿ ಹುಟ್ಟಿಕೊಂಡರೆ ಎರಡೆಲೆಯಿರುವಾಗಲೇ ಕಿತ್ತುಬಿಡಿ. ಬೇರು ಬಲಿತ ಮೇಲೆ ಗೋಡೆಗೆ ಉಳಿಗಾಲವಿಲ್ಲ.

ನೆಲಕ್ಕೆ ಬಳಸುವ ವಸ್ತುಗಳು ಎರಡಕ್ಕಿಂತ ಹೆಚ್ಚಿರಬಾರದು, ಅದರಲ್ಲಿ ಒಂದು ಮನೆಯ ಗೋಡೆಯ ಅಥವಾ ಒಳನೆಲದ ಬಣ್ಣಕ್ಕೆ ಹೊಂದುವಂತಿರಬೇಕು. ಒಳಗಿನ ನೆಲ ಹೊರಗೂ ಮುಂದುವರಿದಂತೆ ಕಂಡರೆ ಕೋಣೆ, ಅಂಗಳ ಎರಡೂ ದೊಡ್ಡದಾಗುತ್ತವೆ. ಹೊರಗೆ ಹಾಕುವುದು ಮಾತ್ರ ಒದ್ದೆಯಾದಾಗ ಜಾರದ ಒರಟು ಕಲ್ಲಾಗಿರಲಿ. ನೀರು ಮನೆಯಿಂದ ಹೊರಕ್ಕೆ ಹರಿಯುವಂತೆ 60ಕ್ಕೆ 1ರ ಇಳಿಜಾರು ಕೊಡಬೇಕು, ಅಂದರೆ 12 ಅಡಿಗೆ ಎರಡೂವರೆ ಇಂಚಿನಷ್ಟು. ಹೊರಗಿನ ನೆಲ ಮನೆಯ ಒಳನೆಲಕ್ಕಿಂತ ಅರ್ಧ ಅಡಿಯಷ್ಟಾದರೂ ತಗ್ಗಿರಬೇಕು, ಇಲ್ಲವಾದರೆ ಗೋಡೆಗೆ ತೇವ ಏರುತ್ತದೆ. ಹುಲ್ಲುಹಾಸಿನ ಆಸೆಯನ್ನು ಸಣ್ಣ ಅಂಗಳದಲ್ಲಿ ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸುತ್ತಲಿನ ಗೋಡೆಗಳ ನೆರಳಿನಲ್ಲಿ ಅದು ಸೊರಗುತ್ತದೆ, ಒಂದೇ ದಾರಿಯಲ್ಲಿ ತುಳಿದು ಸವೆಯುತ್ತದೆ, ಕತ್ತರಿಸುವ ಯಂತ್ರವನ್ನಿಡಲು ಮತ್ತಷ್ಟು ಜಾಗ ಬೇಕಾಗುತ್ತದೆ.

ತಾರಸಿ ಅಥವಾ ಬಾಲ್ಕನಿಯಲ್ಲಿ ತೋಟ ಮಾಡುವವರು ಎಲ್ಲಕ್ಕಿಂತ ಮೊದಲು ಭಾರದ ಲೆಕ್ಕ ಹಾಕಬೇಕು. ನೀರು ಕುಡಿದ ಸಾಧಾರಣ ತೋಟದ ಮಣ್ಣು ಒಂದು ಘನ ಅಡಿಗೆ 45ರಿಂದ 55 ಕಿಲೋ ತೂಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಬರಿ 10 ಸೆಂಟಿಮೀಟರ್ ದಪ್ಪಕ್ಕೆ ಅಂತಹ ಮಣ್ಣು ಹರಡಿದರೂ 150 ಕಿಲೋಗಿಂತ ಹೆಚ್ಚಿನ ಭಾರ ಬೀಳುತ್ತದೆ. ತಾರಸಿಯ ಮೇಲೆ ನೇರವಾಗಿ ಪಾತಿ ಕಟ್ಟುವ ಮೊದಲು ಕಟ್ಟಡದ ಎಂಜಿನಿಯರರನ್ನು ಕೇಳಲೇಬೇಕು. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಇಡದೆ ಭಾರ ಹೊರುವ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿಗೆ ಸಾಲಾಗಿ ಇಡಬೇಕು; ಗೋಡೆಯ ಆಧಾರವಿಲ್ಲದೆ ಹೊರಕ್ಕೆ ಚಾಚಿದ ಬಾಲ್ಕನಿಯಾದರೆ ಮನೆಯ ಗೋಡೆಯ ಬದಿಯೇ ಹೆಚ್ಚು ಸುರಕ್ಷಿತ. ಕಂಬಿಯ ಮೇಲೆ ಕುಂಡ ಕೂರಿಸುವ ಅಭ್ಯಾಸವನ್ನು ಯಾವ ಕಾರಣಕ್ಕೂ ಮಾಡಬೇಡಿ. ಕೆಳಗೆ ಜನ ಓಡಾಡುತ್ತಾರೆ.

ಕುಂಡದ ಒಳಗುಟ್ಟು

ಒಂದು ಅಡಿ ಅಗಲ, ಒಂದು ಅಡಿ ಎತ್ತರದ ನೇರ ಕುಂಡದಲ್ಲಿ ಸುಮಾರು 22 ಲೀಟರ್ ಮಣ್ಣು ಹಿಡಿಯುತ್ತದೆ. ಅಗಲ ಮತ್ತು ಎತ್ತರ ಎರಡನ್ನೂ ಅರ್ಧಕ್ಕಿಳಿಸಿ ಆರು ಇಂಚಿನ ಕುಂಡ ತಂದರೆ ಮಣ್ಣು ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗಕ್ಕೆ, ಅಂದರೆ ಮೂರು ಲೀಟರಿಗೂ ಕಡಿಮೆಗೆ ಇಳಿಯುತ್ತದೆ. ಹೀಗೆ ಎಂಟು ಚಿಕ್ಕ ಕುಂಡಗಳ ಮಣ್ಣು ಒಂದೇ ದೊಡ್ಡ ಕುಂಡದಲ್ಲಿ ಸೇರುತ್ತದೆ. ಆದರೆ ಆ ಎಂಟು ಕುಂಡಗಳು ಎರಡು ಪಟ್ಟು ಸ್ಥಳಕ್ಕೆ ಹರಡಿಕೊಂಡು, ಬಿಸಿಲಿನಲ್ಲಿ ಬೇಗ ಕಾದು, ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಕೇಳುತ್ತವೆ. ದೊಡ್ಡ ಕುಂಡದ ನಡುಮಣ್ಣು ಮಧ್ಯಾಹ್ನದಲ್ಲಿಯೂ ತಂಪಾಗಿರುತ್ತದೆ, ಒಂದು ದಿನ ನೀರು ತಪ್ಪಿದರೂ ಗಿಡ ತಡೆದುಕೊಳ್ಳುತ್ತದೆ. ದೊಡ್ಡದನ್ನೇ ತರಬೇಕೆಂದು ನಾನು ಒತ್ತಿ ಹೇಳುವುದು ಕಣ್ಣಿನ ಚೆಲುವಿಗಾಗಿ ಮಾತ್ರವಲ್ಲ, ಬೇರಿನ ಹಿತಕ್ಕಾಗಿಯೂ ಹೌದು.

ಕುಂಡದ ತಳದಲ್ಲಿ ಜಲ್ಲಿಯನ್ನೋ ಹೆಂಚಿನ ಚೂರುಗಳನ್ನೋ ದಪ್ಪವಾಗಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆಂದು ನಾನೂ ಬಹುಕಾಲ ನಂಬಿದ್ದೆ. ಸತ್ತುಹೋದ ಒಂದು ದಾಸವಾಳದ ಕುಂಡವನ್ನು ಬುಡಮೇಲು ಮಾಡಿ ನೋಡಿದಾಗ ಮೂರು ಇಂಚಿನ ಜಲ್ಲಿ ಒಣಗಿಯೇ ಇತ್ತು, ಅದರ ಮೇಲಿನ ಮಣ್ಣು ಮಾತ್ರ ಕೆಸರಿನಂತೆ ತೊಯ್ದು ಹುಳಿವಾಸನೆ ಹೊಡೆಯುತ್ತಿತ್ತು, ಬೇರುಗಳು ಕಪ್ಪಾಗಿ ಮುಟ್ಟಿದರೆ ಸಿಪ್ಪೆ ಜಾರುವಂತಾಗಿದ್ದವು. ಸಣ್ಣ ರಂಧ್ರಗಳಿರುವ ಮಣ್ಣು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ತೊಯ್ದು ತುಂಬುವವರೆಗೂ ಕೆಳಗಿನ ದೊಡ್ಡ ಸಂದುಗಳಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಜಲ್ಲಿಯ ಪದರ ಕೆಸರನ್ನು ತಳದಿಂದ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಎತ್ತುತ್ತದೆಯೇ ಹೊರತು ಬಸಿಯುವುದನ್ನು ಹೆಚ್ಚಿಸುವುದಿಲ್ಲ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ತುಂಡು ಜಾಲರಿ ಇಟ್ಟು, ಕುಂಡವನ್ನು ಪೂರ್ತಿ ಒಂದೇ ಬಗೆಯ ಹಗುರ ಮಿಶ್ರಣದಿಂದ ತುಂಬಿ, ತಳ ನೆಲಕ್ಕೆ ಅಂಟದಂತೆ ಅರ್ಧ ಇಂಚು ಎತ್ತರದ ಮೂರು ಚೂರುಗಳ ಮೇಲೆ ಕೂರಿಸಿದರೆ ಸಾಕು. ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಹೆಚ್ಚಿನ ಗಿಡಗಳಿಗೆ ಒಪ್ಪುತ್ತದೆ. ತಾರಸಿಯಲ್ಲಾದರೆ ಮಣ್ಣನ್ನು ಇನ್ನಷ್ಟು ತಗ್ಗಿಸಿ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳುಗಳನ್ನು ಸೇರಿಸಿ.

ಸುಟ್ಟ ಮಣ್ಣಿನ ಕುಂಡ ಉಸಿರಾಡುತ್ತದೆ, ಬೇಗ ಒಣಗುತ್ತದೆ, ಹಿಮ ಬೀಳುವ ಊರುಗಳಲ್ಲಿ ಅದರ ಮೈಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಸೀಳಿಬಿಡಬಹುದು. ಪ್ಲಾಸ್ಟಿಕ್, ಫೈಬರ್ ಕುಂಡಗಳು ಹಗುರ. ಯಾವುದನ್ನೇ ಆರಿಸಿದರೂ ಎಲ್ಲ ಕುಂಡಗಳೂ ಒಂದೇ ವಸ್ತುವಿನವು, ಒಂದೇ ಬಣ್ಣದ ಬಳಗದವು ಆಗಿರಲಿ.

ಗಿಡಗಳ ಆಯ್ಕೆ

ಮೊದಲು ಒಂದು ಮರ. ಇಷ್ಟು ಸಣ್ಣ ಜಾಗದಲ್ಲಿ ಮರವೇ ಎಂದು ಹಿಂಜರಿಯುವವರು ಬಹಳ ಮಂದಿ. ಆದರೆ ತಲೆಯ ಮೇಲೆ ಒಂದಿಷ್ಟು ಎಲೆಗಳಿಲ್ಲದ ತೋಟ ಚಾವಣಿಯಿಲ್ಲದ ಕೋಣೆಯಂತೆ ಬರಿದಾಗಿರುತ್ತದೆ. 10ರಿಂದ 15 ಅಡಿಗಿಂತ ಮೇಲೆ ಹೋಗದ, ಬೇರು ಆಕ್ರಮಣಕಾರಿಯಲ್ಲದ, ಎಲೆ ವಿರಳವಾಗಿದ್ದು ಬೆಳಕು ಸೋಸಿ ಬರುವಂತಹ ಮರವನ್ನು ನಿಮ್ಮ ಹವೆಗೆ ತಕ್ಕಂತೆ ಆರಿಸಿ: ಬೆಚ್ಚನೆಯ ಪ್ರದೇಶದಲ್ಲಿ ದೇವಕಣಗಿಲೆಯೋ ನಿಂಬೆಯೋ ಆಗಬಹುದು, ತಂಪು ಪ್ರದೇಶದಲ್ಲಿ ಜಪಾನಿ ಮೇಪಲ್ ಆಗಬಹುದು. ಬೆಳೆದಂತೆ ಕೆಳಗಿನ ಕೊಂಬೆಗಳನ್ನು ತಲೆಯೆತ್ತರದವರೆಗೆ ಸವರಿದರೆ ಅಡಿಯಲ್ಲಿ ಕೂರಲೂ ನೆಡಲೂ ಜಾಗ ದೊರೆಯುತ್ತದೆ.

ಅನಂತರ ವರ್ಷವಿಡೀ ಆಕಾರ ಕಳೆದುಕೊಳ್ಳದ ಗಿಡಗಳು. ತೋಟದ ಮೂರರಲ್ಲಿ ಎರಡು ಪಾಲು ಇಂತಹವೇ ಇರಲಿ, ಉಳಿದ ಒಂದು ಪಾಲಿನಲ್ಲಿ ಋತುವಿಗೊಮ್ಮೆ ಬದಲಾಗುವ ಹೂಗಿಡಗಳಿರಲಿ. ಜಾತಿಗಳ ಸಂಖ್ಯೆಯನ್ನು ಬಿಗಿಯಾಗಿ ಹಿಡಿಯಬೇಕು. ನೂರು ಚದರ ಅಡಿಗೆ ಎಂಟು ಹತ್ತು ಜಾತಿ ಧಾರಾಳವಾಯಿತು. ಒಂದೊಂದು ಜಾತಿಯನ್ನು ಒಂಟಿಯಾಗಿ ಅಲ್ಲಲ್ಲಿ ನೆಡದೆ ಮೂರು ಅಥವಾ ಐದರ ಗುಂಪಾಗಿ ನೆಟ್ಟು, ಅದೇ ಗುಂಪು ಅಂಗಳದ ಇನ್ನೊಂದು ಬದಿಯಲ್ಲಿಯೂ ಒಮ್ಮೆ ಕಾಣುವಂತೆ ಮಾಡಿ. ಪಕ್ಕಪಕ್ಕದ ಗಿಡಗಳ ಎಲೆಗಳು ಒಂದಕ್ಕೊಂದು ಬೇರೆಯಾಗಿರಬೇಕು: ನೆಟ್ಟಗೆ ಕತ್ತಿಯಂತೆ ನಿಂತ ಸ್ನೇಕ್ ಪ್ಲಾಂಟಿನ ಬುಡದಲ್ಲಿ ಜರಿಗಿಡದ ನವಿರು ಗರಿ, ಅದರ ಹಿಂದೆ ಅಗಲವಾದ ಹೊಳಪಿನ ಎಲೆ. ಹೂ ಕೆಲವು ವಾರ ಇರುತ್ತದೆ, ಎಲೆ ಇಡೀ ವರ್ಷ ಇರುತ್ತದೆ. ಹಾಗಾಗಿ ಎಲೆಯನ್ನು ನೋಡಿ ಗಿಡ ಆರಿಸುವವರ ತೋಟ ಯಾವ ಕಾಲದಲ್ಲಿಯೂ ಬರಿದೆನಿಸುವುದಿಲ್ಲ. ಪೂರ್ಣ ಬಿಸಿಲಿಗೆ ಬೊಗನ್‌ವಿಲ್ಲಾ, ಗುಲಾಬಿ, ದಾಸವಾಳ, ಚೆಂಡುಹೂ. ನೆರಳಿಗೆ ಪೀಸ್ ಲಿಲ್ಲಿ, ಬಿಗೋನಿಯಾ, ಕೆಲಾಡಿಯಂ, ಜರಿಗಿಡ.

ಸುವಾಸನೆಯ ವಿಷಯದಲ್ಲಿ ಸಣ್ಣ ಅಂಗಳಕ್ಕೆ ದೊಡ್ಡ ತೋಟಕ್ಕಿಲ್ಲದ ಭಾಗ್ಯವಿದೆ. ಸುತ್ತ ಗೋಡೆಗಳಿರುವುದರಿಂದ ಕಂಪು ಚದುರಿಹೋಗದೆ ಅಲ್ಲಿಯೇ ನಿಲ್ಲುತ್ತದೆ. ಕೂರುವ ಕಟ್ಟೆಯ ಪಕ್ಕದಲ್ಲಿ ಒಂದು ಮಲ್ಲಿಗೆಯೋ ಸುಗಂಧರಾಜವೋ ಇರಲಿ; ಒಂದೇ ಹೊತ್ತಿಗೆ ಎರಡು ಬಗೆಯ ಗಾಢ ಪರಿಮಳ ಬೇಡ.

ದೂರವಿಡಬೇಕಾದವೂ ಇವೆ. ಪುದೀನ ನೆಲದಡಿಯ ಕಾಂಡಗಳಿಂದ ಹಬ್ಬಿ ಇಡೀ ಪಾತಿಯನ್ನು ಆಕ್ರಮಿಸುತ್ತದೆ, ಅದಕ್ಕೆ ಪ್ರತ್ಯೇಕ ಕುಂಡವೇ ಸರಿ. ಬಿದಿರಿನಲ್ಲಿ ಹಿಂಡಿಲಾಗಿ ಬೆಳೆಯುವ ಜಾತಿಯನ್ನು ಮಾತ್ರ ಆರಿಸಿ, ಬೇರು ಓಡಿಸಿಕೊಂಡು ಹೋಗುವ ಜಾತಿ ನೆರೆಯವರ ನೆಲವನ್ನೂ ಬಿಡುವುದಿಲ್ಲ. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಎಲ್ಲವೂ ಕೈಗೆಟಕುವ ಸಣ್ಣ ಅಂಗಳದಲ್ಲಿ, ಅದರಲ್ಲಿಯೂ ಮಕ್ಕಳು ಅಥವಾ ಸಾಕುಪ್ರಾಣಿಗಳಿರುವ ಮನೆಯಲ್ಲಿ, ಅದಕ್ಕೆ ಸ್ಥಾನವಿಲ್ಲ.

ನೀರು ಮತ್ತು ದೀಪ

ಒಂದೂವರೆ ಎರಡು ಅಡಿ ಅಗಲದ ನೀರಿನ ಬಟ್ಟಲು ಆಕಾಶದ ಒಂದು ತುಣುಕನ್ನು ನೆಲಕ್ಕೆ ಇಳಿಸುತ್ತದೆ. ಆದರೆ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರಲು ಬೆಚ್ಚನೆಯ ಹವೆಯಲ್ಲಿ ಏಳೆಂಟು ದಿನಗಳೇ ಸಾಕಾದ್ದರಿಂದ ವಾರಕ್ಕೊಮ್ಮೆಯಾದರೂ ನೀರನ್ನು ಚೆಲ್ಲಿ, ಬಟ್ಟಲಿನ ಒಳಮೈಯನ್ನು ಉಜ್ಜಿ ತೊಳೆಯಬೇಕು. ಉಜ್ಜುವುದು ಮುಖ್ಯ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟದ ಮೇಲಿನ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಗಪ್ಪಿ ಮೀನುಗಳನ್ನು ಬಿಡುವುದಾದರೆ ಬಟ್ಟಲು ಸಾಕಷ್ಟು ದೊಡ್ಡದಾಗಿರಬೇಕು, ಅವು ಹೊರಗಿನ ಕೆರೆ ಕಾಲುವೆಗೆ ಸೇರದಂತೆ ನೋಡಿಕೊಳ್ಳಬೇಕು.

ದೀಪಗಳು ಕಡಿಮೆಯಿದ್ದಷ್ಟೂ ಚೆಂದ. ಮರದ ಕಾಂಡದ ಬುಡದಲ್ಲಿ ಒಂದು, ಕಟ್ಟೆಯ ಕೆಳಗೆ ಒಂದು, ಸುಮಾರು 2700 ಕೆಲ್ವಿನ್‌ನ ಬೆಚ್ಚನೆಯ ಬೆಳಕಿನವು, ಬಲ್ಬು ನೇರವಾಗಿ ಕಣ್ಣಿಗೆ ಕಾಣದಂತೆ. ರಾತ್ರಿಯಿಡೀ ಉರಿಸಬೇಡಿ, ಕೀಟಗಳಿಗೂ ಕತ್ತಲು ಬೇಕು.

ನೆಡುವ ಕ್ರಮ ಮತ್ತು ಮೊದಲ ವರ್ಷ

ಕೆಲಸದ ಅನುಕ್ರಮ ತಪ್ಪಿದರೆ ಮಾಡಿದ್ದನ್ನೇ ಒಡೆಯಬೇಕಾಗುತ್ತದೆ. ನೀರು ಹೋಗುವ ದಾರಿ, ವಿದ್ಯುತ್ ತಂತಿ, ನಲ್ಲಿಯ ಕೊಳವೆ ಮೊದಲು. ಆಮೇಲೆ ಗೋಡೆಯ ಬಣ್ಣ ಮತ್ತು ಜಾಲರಿ. ಆಮೇಲೆ ನೆಲಹಾಸು, ಕಟ್ಟೆ. ಅದಾದ ಮೇಲೆ ಮಣ್ಣು, ಮರ, ದೊಡ್ಡ ಗಿಡ, ಕೊನೆಗೆ ಸಣ್ಣ ಗಿಡಗಳು. ನೆಡುವ ಮೊದಲು ಎಲ್ಲ ಸಸಿಗಳನ್ನೂ ಅವುಗಳ ಪೊಟ್ಟಣದಲ್ಲಿಯೇ ಸ್ಥಳದಲ್ಲಿಟ್ಟು, ಒಳಗೆ ಹೋಗಿ ಮೊದಲು ಗುರುತಿಸಿಕೊಂಡ ಕಿಟಕಿಯಿಂದ ನೋಡಿ; ಎರಡು ದಿನ ಹಾಗೆಯೇ ಬಿಟ್ಟು ಬೆಳಿಗ್ಗೆ, ಸಂಜೆ ನೋಡಿದರೆ ಬದಲಿಸಬೇಕಾದ್ದು ತಾನಾಗಿ ಕಾಣುತ್ತದೆ. ಗಿಡ ಪೂರ್ಣ ಬೆಳೆದಾಗ ಎಷ್ಟು ಹರಡುತ್ತದೆಯೋ ಅಷ್ಟು ಅಂತರ ಬಿಟ್ಟು ನೆಡಬೇಕು. ಮೊದಲ ವರ್ಷದ ಖಾಲಿ ಜಾಗವನ್ನು ಕರ್ಣಕುಂಡಲ, ಚೆಂಡುಹೂಗಳಂತಹ ಒಂದು ಋತುವಿನ ಗಿಡಗಳು ತುಂಬಲಿ.

ನೀರು ಹಾಕಲು ವೇಳಾಪಟ್ಟಿಗಿಂತ ಬೆರಳು ನಂಬಿಕೆಗೆ ಅರ್ಹ. ತೋರುಬೆರಳನ್ನು ಒಂದು ಇಂಚಿನಷ್ಟು ಮಣ್ಣೊಳಗೆ ಇಳಿಸಿ, ತುದಿಗೆ ತಂಪು ತಗಲಿದರೆ ಬಿಡಿ, ಒಣಗಿದ್ದರೆ ತಳದ ತೂತಿನಿಂದ ಹೊರಬರುವವರೆಗೆ ನಿಧಾನವಾಗಿ ಹಾಕಿ. ಮೇಲ್ಮಣ್ಣಿಗೆ ಎರಡು ಇಂಚು ದಪ್ಪದ ಒಣಗಿದ ಎಲೆ ಅಥವಾ ತೊಗಟೆಯ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ಅದು ತಾಗದಿರಲಿ.

ಎರಡು ಮೂರು ವರ್ಷಗಳಲ್ಲಿ ಕುಂಡದ ಗಿಡಗಳ ಬೇರು ಗೋಡೆಗುಂಟ ಸುತ್ತಿಕೊಂಡು, ಹಾಕಿದ ನೀರು ಮಣ್ಣಿಗಿಳಿಯದೆ ಅಂಚಿನಿಂದಲೇ ಹರಿದುಹೋಗತೊಡಗುತ್ತದೆ. ಆಗ ಇನ್ನೂ ದೊಡ್ಡ ಕುಂಡಕ್ಕೆ ಜಾಗವಿಲ್ಲದಿದ್ದರೆ ಗಿಡವನ್ನು ಹೊರತೆಗೆದು, ಬೇರಿನ ಉಂಡೆಯ ಸುತ್ತಲೂ ಕೆಳಗೂ ಒಂದೊಂದು ಇಂಚಿನಷ್ಟನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಅದಕ್ಕೆ ಸರಿಹೊಂದುವಂತೆ ಮೇಲಿನ ಕೊಂಬೆಗಳನ್ನೂ ಸವರಿ, ತೆಗೆದಷ್ಟು ಜಾಗಕ್ಕೆ ಹೊಸ ಮಿಶ್ರಣ ತುಂಬಿ ಅದೇ ಕುಂಡದಲ್ಲಿ ಮರಳಿ ನೆಡಿ. ಚೆನ್ನಾಗಿ ನೀರುಣಿಸಿ ವಾರದ ಮಟ್ಟಿಗೆ ನೆರಳಿನಲ್ಲಿಟ್ಟು, ಹೊಸ ಚಿಗುರಿನ ಮೊನೆ ಕಂಡ ಮೇಲೆ ಅದರ ಮೊದಲಿನ ಸ್ಥಳಕ್ಕೆ ತನ್ನಿ.